ಮನೆ ಹತ್ತಿರದ ಪಾರ್ಕಿನಿಂದ ಶುರು ಮಾಡಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬಂದು ಬೆಂಗಳೂರಿನ ಜೆ.ಪಿ. ನಗರದಲ್ಲಿ ಮನೆ ಮಾಡಿದ್ದೀರಿ. ಮಗಳಿಗೆ ಆರು, ಮಗನಿಗೆ ಮೂರು ವರ್ಷ. ಅಲ್ಲಿ ಬಾಗಿಲು ತೆಗೆದರೆ ಮಕ್ಕಳು ಆಡೋ ಜಾಗ ಇತ್ತು, ಇಲ್ಲಿ ಮಾಲ್ ಬಿಟ್ಟರೆ ಬೇರೆ ದಾರಿ ಇಲ್ವಾ ಅಂತ ಕೇಳಿದ್ದೀರಿ. ನಿಮಗೆ ಇದು ಸ್ವಂತ ನಾಡು, ಆದರೆ ಮಕ್ಕಳಿಗೆ ಇದೇ ಪರದೇಶ ಅಲ್ವಾ? ನಾನು ಮುಂಬೈಯಲ್ಲಿ ಬೆಳೆದವಳು. ಮದುವೆಯಾಗಿ ಸಿಂಗಪುರದಲ್ಲಿದ್ದು, ಮಕ್ಕಳು ಚಿಕ್ಕವರಿದ್ದಾಗ ಇಲ್ಲಿಗೆ ಬಂದೆ. ಹಾಗಾಗಿ ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ದೊಡ್ಡ ಜಾಗಗಳನ್ನು ಆಮೇಲೆ ನೋಡಿ. ಮೊದಲು ಮನೆಗೆ ಹತ್ತಿರದ ಒಂದು ಪಾಲಿಕೆ ಪಾರ್ಕ್ ಹುಡುಕಿ. ದಿನಾ ಒಂದೇ ಹೊತ್ತಿಗೆ ಅಲ್ಲಿಗೇ ಹೋಗಿ. ಜಾರುಬಂಡೆ ಹಳೆಯದಾಗಿರಬಹುದು, ಉಯ್ಯಾಲೆಯ ಸರಪಳಿ ಕಿರುಗುಟ್ಟಬಹುದು. ಆದರೂ ಅದೇ ಪಾರ್ಕಿಗೆ ಹೋಗಿ. ಯಾಕೆಂದರೆ ಸಂಜೆ ಐದಕ್ಕೆ ಬರುವ ಅಜ್ಜಿಯರು, ಮೊಮ್ಮಕ್ಕಳು, ಮಾಲಿ ಎಲ್ಲರೂ ಹೆಚ್ಚುಕಡಿಮೆ ದಿನಾ ಬರುವವರೇ. ಸ್ವಲ್ಪ ದಿನ ಮುಖ ನೋಡುತ್ತಾರೆ, ಆಮೇಲೆ "ಎಲ್ಲಿ ಪುಟ್ಟಿ, ನಿನ್ನೆ ಬರಲಿಲ್ಲ?" ಅಂತ ಕೇಳುತ್ತಾರೆ. ನನ್ನ ಮಕ್ಕಳಿಗೆ ಮಾತಾಡುವ ಕನ್ನಡ ಬಂದದ್ದು ಅಲ್ಲೇ. "ಈಗ ನನ್ನ ಸರದಿ", "ಸುಮ್ನೆ ತಳ್ಳಬೇಡ" ಅಂತ ಜಗಳವಾಡುತ್ತಲೇ ಕಲಿತರು. ಮನೆಯಲ್ಲಿ ನಾನು ಎಷ್ಟು ಹೇಳಿಕೊಟ್ಟರೂ ಅಷ್ಟು ಬೇಗ ಬರುತ್ತಿರಲಿಲ್ಲ.

ಪಾರ್ಕಿನ ಗೇಟು ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಬೋರ್ಡ್ ನೋಡಿಕೊಳ್ಳಿ. ಕೆಲವು ಕಡೆ ಚೆಂಡು ತಂದರೆ ವಾಕಿಂಗ್ ಮಾಡುವ ಹಿರಿಯರು ಬೇಡ ಅನ್ನುತ್ತಾರೆ. ಚೆಂಡಾಟಕ್ಕೆ ಬಡಾವಣೆಯ ಮೈದಾನ ಕೇಳಿ ಹುಡುಕಿ. ಬೀದಿ ನಾಯಿ ಕಂಡರೆ ಓಡಬಾರದು, ಮರಿಯನ್ನೂ ಮುಟ್ಟಬಾರದು ಅಂತ ಮೊದಲ ದಿನವೇ ಹೇಳಿಕೊಡಿ. ಕತ್ತಲಾದರೆ ಸೊಳ್ಳೆ ಜಾಸ್ತಿ. ಫುಟ್‌ಪಾತ್ ಮೇಲೆ ಮಗುವಿನ ತಳ್ಳುಗಾಡಿ ಓಡಿಸುವುದು ಕಷ್ಟ. ಮೂರು ವರ್ಷದವನಾದ್ದರಿಂದ ಕೈ ಹಿಡಿದು ನಡೆಸುವುದೇ ಒಳ್ಳೆಯದು.

ಈ ಊರಿನಲ್ಲಿ ಮಕ್ಕಳಿಗೆ ಸಿಗುವ ದೊಡ್ಡ ಸಂಪತ್ತು ಮರಗಳು. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಸ್ಟುಟ್‌ಗಾರ್ಟ್‌ನ ಹಾಗೆ ಹಗ್ಗದ ಏಣಿ, ಮರಳುಗುಂಡಿ ಎಲ್ಲ ಕಡೆ ಇರುವುದಿಲ್ಲ. ಆದರೆ ನೀರುಕಾಯಿ ಮರದ ಕೆಳಗೆ ಬಿದ್ದ ಮೊಗ್ಗು ಹೆಕ್ಕಿ, ತುದಿ ಚಿವುಟಿ ಹಿಸುಕಿದರೆ ಪಿಚಕಾರಿ ಥರ ನೀರು ಚಿಮ್ಮುತ್ತದೆ. ಗುಲ್‌ಮೊಹರ್‌ನ ಉದ್ದನೆ ಒಣಕಾಯಿ ಕತ್ತಿಯಾಗುತ್ತದೆ. ಅದರ ಹೂವಿನ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದರೆ ಕೋಳಿ ಜಗಳ, ಯಾರ ತಲೆ ಉದುರಿತೋ ಅವರು ಸೋತರು. ಮಳೆಗಾಲ ಮುಗಿಯುವ ಹೊತ್ತಿಗೆ ಆಕಾಶಮಲ್ಲಿಗೆ ಉದುರುತ್ತದೆ. ತೊಟ್ಟು ಉದ್ದವಾದ್ದರಿಂದ ದಾರವಿಲ್ಲದೆ ಜಡೆ ಹೆಣೆಯಬಹುದು. ನಿಮ್ಮ ಮಗಳ ವಯಸ್ಸಿಗೆ ಅದು ಸರಿಯಾದ ಕೆಲಸ. ಈ ಆಟಗಳು ನನಗೆ ಗೊತ್ತಿರಲಿಲ್ಲ, ಪಾರ್ಕಿನ ಅಜ್ಜಿಯೊಬ್ಬರು ಹೇಳಿಕೊಟ್ಟರು. ಇನ್ನೊಂದು ಮಾತು. ಗುಲ್‌ಮೊಹರ್ ಬಂದದ್ದು ಮಡಗಾಸ್ಕರ್‌ನಿಂದ, ನೀರುಕಾಯಿ ಆಫ್ರಿಕಾದಿಂದ, ನೇರಳೆ ಬಣ್ಣದ ಜಕರಂದಾ ದಕ್ಷಿಣ ಅಮೆರಿಕದಿಂದ. "ಇವೂ ನಮ್ಮ ಹಾಗೆ ಬೇರೆ ಊರಿಂದ ಬಂದವಾ?" ಅಂತ ನನ್ನ ಮಗ ಕೇಳಿದ್ದ. ನಿಮ್ಮ ಮಕ್ಕಳಿಗೂ ಹೇಳಿ, ಖುಷಿಪಡುತ್ತಾರೆ.

ಲಾಲ್‌ಬಾಗ್‌ಗೆ ನಿಮಗೆ ಸಲೀಸು. ಜೆ.ಪಿ. ನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ನೇರ ಲಾಲ್‌ಬಾಗ್ ನಿಲ್ದಾಣ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ ತೋಟ ಅದು, ಈಗ 240 ಎಕರೆ. ಎಲ್ಲವನ್ನೂ ಒಂದೇ ದಿನ ತೋರಿಸಲು ಹೋಗಬೇಡಿ. ಸೀದಾ ಬಂಡೆಗೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ಕೆಂಪೇಗೌಡ ಗೋಪುರ. ಮಕ್ಕಳು ಹತ್ತಿ ಇಳಿದು ಮತ್ತೆ ಹತ್ತುತ್ತಾರೆ, ಅವರಿಗೆ ಬೇರೇನೂ ಬೇಡ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಬೆಳಗ್ಗೆ ಬೇಗ ಹೋಗಿ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸು ಫಲಪುಷ್ಪ ಪ್ರದರ್ಶನ ಇರುತ್ತದೆ. ಚಿಕ್ಕ ಮಕ್ಕಳಿದ್ದರೆ ರಜಾದಿನ ಬಿಟ್ಟು ವಾರದ ನಡುವೆ ಹೋಗುವುದು ಮೇಲು, ನೂಕುನುಗ್ಗಲು ಸಿಕ್ಕಾಪಟ್ಟೆ.

ಹಕ್ಕಿ ನೋಡಲು ಪುಟ್ಟೇನಹಳ್ಳಿ ಕೆರೆ ನಿಮ್ಮ ಜೆ.ಪಿ. ನಗರದಲ್ಲೇ ಇದೆ. ಸ್ಥಳೀಯರೇ ಮುಂದೆ ನಿಂತು ಉಳಿಸಿಕೊಂಡ ಕೆರೆ ಅದು. ಮಕ್ಕಳ ಜೊತೆ ಒಂದು ಸುತ್ತು ಹಾಕಬಹುದು. ಬನ್ನೇರುಘಟ್ಟದ ಮೃಗಾಲಯಕ್ಕೆ ಇಡೀ ದಿನ ಬೇಕು. ಮಂಗಳವಾರ ರಜಾ ಅನ್ನುವುದು ನೆನಪಿರಲಿ.

ಮಳೆ ಬಗ್ಗೆ ಎಚ್ಚರ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಸುಡು ಬಿಸಿಲಿದ್ದು ಸಂಜೆ ಗುಡುಗು, ಗಾಳಿ, ಕೆಲವೊಮ್ಮೆ ಆಲಿಕಲ್ಲು ಕೂಡ. ಕೊಂಬೆಗಳು ಮುರಿದು ಬೀಳುತ್ತವೆ. ಮೋಡ ಕವಿದರೆ ಮರದಡಿ ನಿಲ್ಲದೆ ಮನೆ ಸೇರಿ.

ಸೈಕಲ್ ಕಲಿಸಲು ಕಬ್ಬನ್ ಪಾರ್ಕ್. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಅಷ್ಟಗಲ ರಸ್ತೆ, ಮೇಲೆ ನೆರಳು, ಮಕ್ಕಳು ಭಯವಿಲ್ಲದೆ ತುಳಿಯುತ್ತಾರೆ. ಹತ್ತಿರದಲ್ಲೇ ಬಾಲಭವನ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ಮಳೆ ಬಂದರೆ ಮ್ಯೂಸಿಯಂ ಒಳಗೆ ಹೋಗಿಬಿಡಬಹುದು. ಪಾರ್ಕಿನ ಗೇಟಿನ ಹತ್ತಿರ ಚುರುಮುರಿ, ಉಪ್ಪುಖಾರ ಹಚ್ಚಿದ ಸೌತೆಕಾಯಿ ಸಿಗುತ್ತದೆ. ಮಕ್ಕಳಿಗೆ ಖಾರ ಬೇಡ ಅಂತ ಮೊದಲೇ ಹೇಳಿ.

ನಾವು ಭಾನುವಾರ ಬೆಳಗ್ಗೆ ಅಲ್ಲೇ ಇರುತ್ತೇವೆ, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಹತ್ತಿರ. ಸೈಕಲ್ ತರಲಾಗದಿದ್ದರೆ ಚಿಂತೆ ಬೇಡ, ನನ್ನ ಮಗಳದ್ದು ಈಗ ಅವಳಿಗೆ ಚಿಕ್ಕದಾಗಿದೆ, ನಿಮ್ಮ ಮಗಳಿಗೆ ಸರಿಹೋಗುತ್ತದೆ. ಮಕ್ಕಳಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು ಬನ್ನಿ.