ನೆರೆಗೆ ಮುಂಚಿನ ಹಾಳೆ, ನೆರೆಯ ಮೇಲಿನ ಹಾಳೆ: ಯಾವ ಟೆಸ್ಟ್ ಹಾಕಲಿ?

ನೆರೆಗೆ ಮುಂಚೆ ಒಮ್ಮೆ, ನೀರು ಇಳಿದ ಮೇಲೆ ಒಮ್ಮೆ ಗಂಡಸರಿಂದ ಮನಸ್ಸಿನ ನೆಮ್ಮದಿಯ ಪ್ರಶ್ನಾವಳಿ ತುಂಬಿಸಿದ್ದೀನಿ, ಪೇರ್ಡ್ ಟಿ-ಟೆಸ್ಟ್ ಹಾಕಲೋ ವಿಲ್ಕಾಕ್ಸನ್ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಒಬ್ಬನೇ ಮನುಷ್ಯನ ಮುಂಚಿನ ಅಂಕವನ್ನೂ ಆಮೇಲಿನ ಅಂಕವನ್ನೂ ಜೋಡಿ ಮಾಡಿ ಹೋಲಿಸೋ ಲೆಕ್ಕವೇ. ಯಾವುದಾದರೂ ಹಾಕಿ ಮಾರಾಯ್ರೆ. ಮುಳುಗೋದು ಅಲ್ಲಲ್ಲ.

2019ರ ಬೇಸಿಗೆಯಲ್ಲಿ ಎಂ.ಎ. ಕಿರುಪ್ರಬಂಧಕ್ಕೆ ಅಂತ ಶಿವಮೊಗ್ಗದ ಸೀಗೆಹಟ್ಟಿ ಕಡೆ 64 ಗಂಡಸರ ಹತ್ತಿರ ಡಬ್ಲ್ಯುಎಚ್‌ಒ-5 ಅನ್ನೋ ಮನಸ್ಸಿನ ನೆಮ್ಮದಿಯ ಪ್ರಶ್ನಾವಳಿ ತುಂಬಿಸಿದ್ದೆ. ಐದೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 5, ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಅಂತ ಅಂಕ. ಆಗ ನನ್ನ ವಿಷಯ ಕೆಲಸದ ಒತ್ತಡ. ಆಗಸ್ಟ್‌ನಲ್ಲಿ ತುಂಗಾ ಹೊಳೆಯಲ್ಲಿರೋ ಕೋರ್ಪಲಯ್ಯ ಛತ್ರದ ಮಂಟಪ ಮುಳುಗಿತು, ತುಂಗೆ ಬೀದಿಗೇ ಬಂದಳು. "ಮುಂಚಿನ ಡೇಟಾ ನಿನ್ನ ಹತ್ತಿರ ಇದೆಯಲ್ಲೋ, ಇನ್ನೇನು ಬೇಕು" ಅಂದರು ಗೈಡು. ಲಾಟರಿ ಹೊಡೆದಷ್ಟು ಖುಷಿಯಾಯ್ತು ನನಗೆ. ಊರು ಕೆಸರಲ್ಲಿ ಕೂತಿರುವಾಗ ಖುಷಿಪಟ್ಟಿದ್ದು ಈಗ ನೆನೆದರೆ ನಾಚಿಕೆ. ಸೆಪ್ಟೆಂಬರ್ ಕೊನೆಗೆ ಅದೇ ಬೀದಿಗಳಿಗೆ ಹೋದೆ. 51 ಜನ ಸಿಕ್ಕರು.

ಈಗ ನನ್ನ ತಪ್ಪು ಕೇಳಿ. ಮೊದಲ ಸಲ ಹಾಳೆ ಮೇಲೆ ಹೆಸರೂ ಬರೆಸಿರಲಿಲ್ಲ, ಯಾರ ಹಾಳೆ ಅಂತ ಗುರುತಿಸೋ ಕೋಡೂ ಹಾಕಿರಲಿಲ್ಲ. ವಯಸ್ಸು, ಬೀದಿ, ಅಷ್ಟೇ. ಗುಟ್ಟು ಕಾಪಾಡೋದು ಅಂದರೆ ಇದೇ ಅಂದುಕೊಂಡಿದ್ದೆ. ಎರಡನೇ ಕಟ್ಟು ಕೈಗೆ ಬಂದಾಗ ಏನು ಮಾಡಿದೆ ಗೊತ್ತಾ? ಎರಡು ಕಟ್ಟನ್ನೂ ಬೀದಿವಾರು, ವಯಸ್ಸುವಾರು ಕ್ರಮಕ್ಕಿಟ್ಟು ಪಕ್ಕಪಕ್ಕದ ಸಾಲಿಗೆ ಅಂಟಿಸಿದೆ. ಮೊದಲ ಕಟ್ಟಿನ ಕೊನೆಯಲ್ಲಿ ಉಳಿದ 13 ಹಾಳೆ ತೆಗೆದುಬಿಟ್ಟೆ. ಮೇಲೆ ಒಬ್ಬ ತಪ್ಪಿದರೆ ಸಾಕು, ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಜಾರಿ ಇನ್ನೊಬ್ಬರ ಜೊತೆ ಜೋಡಿಯಾಗುತ್ತಾರೆ ಅನ್ನೋದು ಹೊಳೆಯಲೇ ಇಲ್ಲ.

ಯಾಕೆ ಹೊಳೆಯಲಿಲ್ಲ ಅಂದರೆ ಸರಾಸರಿ ಚೆನ್ನಾಗೇ ಬಂತು. ಮೂರು ಜನ ಇದ್ದಾರೆ ಅಂತಿಟ್ಟುಕೊಳ್ಳಿ: ಮುಂಚೆ 60, 40, 80, ಆಮೇಲೆ 52, 32, 72. ಎಲ್ಲರೂ 8 ಇಳಿದಿದ್ದಾರೆ, ತಕರಾರಿಲ್ಲ. ಈಗ ಬಲಗಡೆಯ ಸಾಲನ್ನು ಕಲಸಿ 32, 72, 52 ಅಂತ ಇಡಿ. ಮೊದಲನೆಯವನು 28 ಇಳಿದ, ಎರಡನೆಯವನು 32 ಏರಿದ, ಮೂರನೆಯವನು 28 ಇಳಿದ. ಸರಾಸರಿ ತೆಗೆದರೆ ಈಗಲೂ 8ರ ಇಳಿಕೆಯೇ! ಕೆಟ್ಟಿದ್ದು ಏರಿಳಿತ. ಟಿ ಲೆಕ್ಕದಲ್ಲಿ ಸರಾಸರಿ ಇಳಿಕೆಯನ್ನು ಭಾಗಿಸೋದು ಆ ಏರಿಳಿತದಿಂದಲೇ, ಹಾಗಾಗಿ ನಿಜವಾದ ಇಳಿಕೆ ಗದ್ದಲದಲ್ಲಿ ಮುಚ್ಚಿಹೋಗುತ್ತೆ. ನನ್ನ ಫಲಿತಾಂಶ 'ಗಣನೀಯ ವ್ಯತ್ಯಾಸವಿಲ್ಲ' ಅಂತ ಬಂತು. ಅದಕ್ಕೆ ನಾನು "ಮಲೆನಾಡಿನ ಗಂಡಸರ ಸಹನಶಕ್ತಿ" ಅಂತ ಒಂದು ಅಧ್ಯಾಯವನ್ನೇ ಕುಟ್ಟಿದ್ದೆ.

ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಪ್ರಿಂಟೌಟಿನ ಒಂದೇ ಒಂದು ಜಾಗಕ್ಕೆ ಪೆನ್ನು ಇಟ್ಟರು. ಎಸ್‌ಪಿಎಸ್‌ಎಸ್ ಅನ್ನೋ ಲೆಕ್ಕದ ಸಾಫ್ಟ್‌ವೇರು ಪೇರ್ಡ್ ಟೆಸ್ಟ್ ಮಾಡಿದಾಗ ಎರಡು ಸಾಲಿನ ಸಹಸಂಬಂಧವನ್ನೂ (ಒಂದರ ಅಂಕಕ್ಕೂ ಇನ್ನೊಂದರ ಅಂಕಕ್ಕೂ ಎಷ್ಟು ನಂಟು ಅನ್ನೋ ಸಂಖ್ಯೆ) ಕೊಡುತ್ತಲ್ಲ, ನಾನು ಯಾವತ್ತೂ ನೋಡದ ಕೋಷ್ಟಕ ಅದು. ಸೊನ್ನೆಯ ಹತ್ತಿರ ಇತ್ತು. "ಅದೇ ಮನುಷ್ಯ ಅಂತೀರಿ. ಅವನ ಮೊದಲಿನ ಉತ್ತರಕ್ಕೂ ಈಗಿನದಕ್ಕೂ ಸಂಬಂಧವೇ ಇಲ್ವಾ?" ಅಂದರು. ನಾನು ಸುಮ್ಮನೆ ನೀರು ಕುಡಿದೆ. ಮತ್ತೆ ಆರು ತಿಂಗಳು ಹೋಯ್ತು.

ವಿಲ್ಕಾಕ್ಸನ್ ಹಾಕಿದ್ದರೂ ಇದೇ ಗತಿ, ಅದೂ ಕೇಳೋದು ಜೋಡಿಯನ್ನೇ. ಕೋಡ್ ಹಾಕಿಸೋದಾದರೆ ಹುಟ್ಟಿದ ದಿನಾಂಕ ಮಾತ್ರ ನೆಚ್ಚಬೇಡಿ, ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ, ಮೇಷ್ಟರ ಕೃಪೆಯಿಂದ. ತಾಯಿಯ ಹೆಸರಿನ ಮೊದಲ ಅಕ್ಷರ, ಒಡಹುಟ್ಟಿದವರಲ್ಲಿ ಎಷ್ಟನೆಯವನು, ಫೋನ್ ನಂಬರಿನ ಕೊನೆಯ ಎರಡು ಅಂಕಿ ಸಾಕು. ಕೋಡ್ ಇಲ್ಲದಿದ್ದರೆ ಪೇರ್ಡ್ ಅನ್ನೋ ಮಾತು ಬಿಟ್ಟು, ಎರಡು ಗುಂಪು ಅಂತ ಹೋಲಿಸಿ, ಜೋಡಿಸೋಕೆ ಆಗಲಿಲ್ಲ ಅಂತ ಬರೆದುಬಿಡಿ. ಬೈಸಿಕೊಳ್ಳೋದು ಒಂದೇ ಸಲ.

ನೀರು ಹತ್ತದ ಎತ್ತರದ ಬೀದಿಯ ಗಂಡಸರನ್ನೂ ಎರಡು ಸಲ ಕೇಳಿದ್ದೀರಾ? ಇಲ್ಲದಿದ್ದರೆ ಬೇಸಿಗೆಯ ಮನಸ್ಸಿಗೂ ಮೂರು ತಿಂಗಳು ಮಳೆ ನೋಡಿದ ಮನಸ್ಸಿಗೂ ಇರುವ ವ್ಯತ್ಯಾಸವನ್ನು ನೆರೆಯ ತಲೆಗೆ ಕಟ್ಟುತ್ತೀರಿ.

ಇನ್ನು ಅಂಕವನ್ನೇ ಪೂರ್ತಿ ನಂಬಬೇಡಿ. ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ, ಕಿಟಕಿ ಸರಳಿಗೆ ಕ್ಲಿಪ್ ಹಾಕಿ ಒಣಗಿಸಿದ ರೇಷನ್ ಕಾರ್ಡು, ಅಂಥ ಮನೆಯಲ್ಲಿ ಒಬ್ಬರು "ಬೆಳಗ್ಗೆ ಏಳುವಾಗ ಹುರುಪಾಗಿರ್ತೀರಾ" ಅನ್ನೋದಕ್ಕೆ ನಕ್ಕು, "ಮಲಗಿದ್ರೆ ತಾನೆ ಏಳೋದು" ಅಂದರು. ಅಷ್ಟರಲ್ಲಿ ಮಗ ಬಂದು ಪಕ್ಕ ನಿಂತ. 5ಕ್ಕೆ ಗುರುತು ಹಾಕಿದರು.

ಎರಡನೇ ಸಲ ಸಿಗದ ಆ 13 ಜನ ಬಾಡಿಗೆ ಮನೆ ಬಿಟ್ಟು ಹೋದವರಿರಬೇಕು, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು. 64ರಲ್ಲಿ ಅವರ ಹಾಳೆ ಯಾವುದು ಅಂತ ನನಗೆ ಇವತ್ತಿಗೂ ಹೇಳೋಕೆ ಬರಲ್ಲ. ನಿಮಗೆ ಬರುತ್ತಾ? ಅದನ್ನು ಮೊದಲು ಹೇಳಿ, ಟೆಸ್ಟ್ ಆಮೇಲೆ ನೋಡೋಣ.