ಪ್ರವಾಹದ ಮನೆ ಒಣಗಿಸುವ, ಬೂಷ್ಟು ತೆಗೆಯುವ ಗುತ್ತಿಗೆದಾರರಿಗೆ 10 ಲಕ್ಷ ಡಾಲರಿನ ಲಯಬಿಲಿಟಿ ಪಾಲಿಸಿ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಹೂಸ್ಟನ್ ಬಳಿ ಸ್ನೇಹಿತರ ಜೊತೆ ಸೇರಿ, ನೀರು ನುಗ್ಗಿದ ಮನೆಗಳನ್ನು ಒಣಗಿಸಿ, ಬೂಷ್ಟು ತೆಗೆದು, ದುರಸ್ತಿ ಮಾಡಿಕೊಡುವ ಕಂಪನಿ ಆರಂಭಿಸುತ್ತಿದ್ದೀರಿ. ಏಜೆಂಟ್ ಕಳಿಸಿದ ಜನರಲ್ ಲಯಬಿಲಿಟಿ (ನಿಮ್ಮ ಕೆಲಸದಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಪಾಲಿಸಿಯ ಮೊದಲ ಪುಟದಲ್ಲಿ 10 ಲಕ್ಷ, 20 ಲಕ್ಷ ಡಾಲರ್ ಎಂದಿದೆ. ಇದು ಸಾಕೇ, ಉಳಿದ ಪದಗಳ ಅರ್ಥವೇನು ಎಂದು ಕೇಳಿದ್ದೀರಿ.

ಟೆಕ್ಸಸ್‌ನಲ್ಲಿ ಗುತ್ತಿಗೆದಾರರಿಗೆ ವಿಮೆ ಮಾಡಿಸಿಕೊಡುವುದು ನನ್ನ ಕೆಲಸ. 2017ರ ಹಾರ್ವಿ ಚಂಡಮಾರುತದ ನಂತರ ಈ ಉದ್ಯೋಗಕ್ಕೆ ಇಳಿದ ಅನೇಕರ ಪಾಲಿಸಿಗಳನ್ನು ಓದಿದ್ದೇನೆ. ಮೊತ್ತದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ನಿಮ್ಮ ಕೆಲಸ ಯಾವುದೋ ಅದನ್ನೇ ಆ ಪಾಲಿಸಿ ಹೊರಗಿಟ್ಟಿರಬಹುದು ಎಂಬುದು ನನ್ನ ಚಿಂತೆ.

ಮೊದಲು ಅಂಕಿಗಳನ್ನು ಮುಗಿಸಿಬಿಡೋಣ. 10 ಲಕ್ಷ ಎಂಬುದು ಒಂದು ಘಟನೆಗೆ ಕಂಪನಿ ಕೊಡುವ ಗರಿಷ್ಠ ಮೊತ್ತ, 20 ಲಕ್ಷ ಎಂಬುದು ಪಾಲಿಸಿಯ ಅವಧಿಯಲ್ಲಿ ಒಟ್ಟಾರೆ ಮಿತಿ. ಕೆಲಸ ಮುಗಿಸಿ ಹೊರಬಂದ ಮೇಲೆ ಆಗುವ ಹಾನಿಗೆ ‘ಕಂಪ್ಲೀಟೆಡ್ ಆಪರೇಷನ್ಸ್’ ಎಂಬ ಪ್ರತ್ಯೇಕ ಮಿತಿ ಇರುತ್ತದೆ. ಅಲ್ಲಿ ಸೊನ್ನೆ ಅಥವಾ ‘ಎಕ್ಸ್‌ಕ್ಲೂಡೆಡ್’ ಎಂದಿದ್ದರೆ ಆ ಪಾಲಿಸಿಯನ್ನು ಒಪ್ಪಿಕೊಳ್ಳಬೇಡಿ. ವಕೀಲರ ಖರ್ಚು ಮಿತಿಯ ಒಳಗೋ ಹೊರಗೋ ಎಂದೂ ಕೇಳಿ. ಸಾಮಾನ್ಯ ನಮೂನೆಯಲ್ಲಿ ಅದು ಮಿತಿಯ ಹೊರಗೆ. ಮಾಲಿನ್ಯದ ಪಾಲಿಸಿಗಳಲ್ಲಿ (ಅವು ಏಕೆ ಬೇಕೆಂದು ಮುಂದೆ ಹೇಳುತ್ತೇನೆ) ಹಲವು ಬಾರಿ ಒಳಗೆ, ಅಂದರೆ ವ್ಯಾಜ್ಯ ಬೆಳೆದಷ್ಟೂ ಪರಿಹಾರದ ಹಣ ಕರಗುತ್ತದೆ.

ಇನ್ನು ಮುಖ್ಯ ವಿಷಯ. ಜನರಲ್ ಲಯಬಿಲಿಟಿಯ ಪ್ರಮಾಣಿತ ನಮೂನೆಯಲ್ಲಿ ‘ಎಫ್’ ಎಂಬ ವಿನಾಯಿತಿ (ಎಕ್ಸ್‌ಕ್ಲೂಷನ್, ಅಂದರೆ ಪಾಲಿಸಿ ಹಣ ಕೊಡದ ಸಂದರ್ಭ) ಇದೆ, ಅದು ಮಾಲಿನ್ಯಕ್ಕೆ ಸಂಬಂಧಿಸಿದ್ದು. ಮಾಲಿನ್ಯಕಾರಕ ವಸ್ತುವನ್ನು ಪರೀಕ್ಷಿಸುವ, ತೆಗೆಯುವ, ಶುಚಿಗೊಳಿಸುವ ಕೆಲಸ ನಡೆಯುತ್ತಿರುವ ಜಾಗವನ್ನು ಅದು ಬಿಡಿಸಿ ಹೆಸರಿಸಿ ಹೊರಗಿಡುತ್ತದೆ. ಮನೆಯೊಳಗೆ ಉಕ್ಕಿದ ಒಳಚರಂಡಿ ನೀರನ್ನು ಮಾಲಿನ್ಯ ಎಂದು ವಿಮಾ ಕಂಪನಿ ವಾದಿಸಿದರೆ ನಿಮ್ಮ ಕ್ಲೇಮ್ ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ‘ಫಂಗೈ ಆರ್ ಬ್ಯಾಕ್ಟೀರಿಯಾ’ ಎಂಬ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ಷರತ್ತು ಬದಲಿಸುವ ಹಾಳೆ, ಅಂಟಿಸಿದ್ದರೆ (ಸಾಮಾನ್ಯವಾಗಿ ಸಿಜಿ 21 67 ಎಂಬ ಸಂಖ್ಯೆಯ ಹಾಳೆ) ಬೂಷ್ಟಿನ ದೂರುಗಳೂ ಹೊರಗೆ. ಇದಕ್ಕೆ ಟೆಕ್ಸಸ್‌ನದೇ ಒಂದು ಹಿನ್ನೆಲೆ ಇದೆ. ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಊರಿನ ಒಂದು ಮನೆಯ ಬೂಷ್ಟಿನ ಮೊಕದ್ದಮೆಯಲ್ಲಿ 2001ರಲ್ಲಿ ಜ್ಯೂರಿ ವಿಮಾ ಕಂಪನಿಯಿಂದ 3.2 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತು, ಆದರೆ ವಿಮಾ ಕಂಪನಿಗಳ ಭಯ ಇಳಿಯಲಿಲ್ಲ. ಆ ವರ್ಷಗಳ ನಂತರ ಬೂಷ್ಟನ್ನು ಹೊರಗಿಡುವ ಹಾಳೆಗಳು ಎಲ್ಲೆಡೆ ಸೇರಿಕೊಂಡವು.

ಹೀಗಾಗಿ ನಿಮಗೆ ‘ಕಾಂಟ್ರಾಕ್ಟರ್ಸ್ ಪೊಲ್ಯೂಷನ್ ಲಯಬಿಲಿಟಿ’, ಅಂದರೆ ಗುತ್ತಿಗೆದಾರರ ಮಾಲಿನ್ಯದ ಪಾಲಿಸಿ, ಬೇಕೇ ಬೇಕು. ಅದು ಇದ್ದರೆ ಸಾಲದು, ಅದರಲ್ಲಿ ಬೂಷ್ಟು, ಬ್ಯಾಕ್ಟೀರಿಯಾ, ಚರಂಡಿ ನೀರು ಎಂಬ ಮಾತುಗಳು ಬರವಣಿಗೆಯಲ್ಲಿ ಇರಬೇಕು. ಅಂದ ಹಾಗೆ, ಟೆಕ್ಸಸ್‌ನಲ್ಲಿ ಒಂದೇ ಕಡೆ 25 ಚದರ ಅಡಿ ಅಥವಾ ಹೆಚ್ಚು ಬೂಷ್ಟು ಹರಡಿದ್ದರೆ ಅದನ್ನು ತೆಗೆಯಲು ರಾಜ್ಯದ ಪರವಾನಗಿ ಬೇಕು. ಅದೇ ಕಾಮಗಾರಿಯ ಪರಿಶೀಲನೆಯನ್ನೂ ನೀವೇ ಮಾಡುವಂತಿಲ್ಲ.

ಎರಡನೆಯ ತೂತು ಗ್ರಾಹಕರ ಸಾಮಾನುಗಳದ್ದು. ಸೋಫಾ, ಪುಸ್ತಕ, ಮದುವೆಯ ಫೋಟೊಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ನಿಮ್ಮ ಗೋದಾಮಿಗೆ ತರುತ್ತೀರಿ. ಅಲ್ಲಿ ಕಳುವಾದರೆ, ಬೆಂಕಿ ಬಿದ್ದರೆ? ‘ಕೇರ್, ಕಸ್ಟಡಿ, ಕಂಟ್ರೋಲ್’ ವಿನಾಯಿತಿ ಎಂದರೆ ನಿಮ್ಮ ವಶದಲ್ಲಿರುವ ಇನ್ನೊಬ್ಬರ ವಸ್ತುವಿಗೆ ಈ ಪಾಲಿಸಿ ಹಣ ಕೊಡುವುದಿಲ್ಲ. ಅದಕ್ಕೆ ‘ಬೇಲೀಸ್’ ವಿಮೆ ಬೇರೆಯೇ ತೆಗೆದುಕೊಳ್ಳಬೇಕು. ಮುಳುಗಿದ ಮನೆಯಿಂದ ಉಳಿದು ಬಂದದ್ದೇ ಕೆಲವು ವಸ್ತು. ಅವನ್ನು ನಿಮ್ಮನ್ನು ನಂಬಿ ಕೊಟ್ಟಿರುತ್ತಾರೆ. ಇದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ನೀವು ಕೈಯಿಟ್ಟ ಭಾಗವನ್ನೇ ನೀವು ಕೆಡಿಸಿದರೂ ಸಾಮಾನ್ಯವಾಗಿ ಪರಿಹಾರವಿಲ್ಲ. ಗೋಡೆ ಕತ್ತರಿಸುವಾಗ ಪೈಪ್ ಒಡೆದು ಕೆಳಗಿನ ಫ್ಲ್ಯಾಟಿಗೆ ನೀರು ಇಳಿದರೆ ಆ ಫ್ಲ್ಯಾಟಿನ ಹಾನಿ ಪಾಲಿಸಿಯ ವ್ಯಾಪ್ತಿಗೆ ಬರಬಹುದು. ಆದರೆ ಕತ್ತರಿಸುತ್ತಿದ್ದ ಗೋಡೆಯನ್ನು ಮತ್ತೆ ಸರಿಪಡಿಸುವ ಖರ್ಚು ನಿಮ್ಮದೇ.

ನೀವು ವಿಶೇಷವಾಗಿ ಕೇಳಿದ ‘ಅಕರೆನ್ಸ್’ ಮತ್ತು ‘ಕ್ಲೇಮ್ಸ್ ಮೇಡ್’ ನಡುವಿನ ವ್ಯತ್ಯಾಸ ನಿಮ್ಮ ಕೆಲಸದಲ್ಲಿ ಬಹಳ ದೊಡ್ಡದು. ಮೊದಲನೆಯದರಲ್ಲಿ ಹಾನಿ ಆದಾಗ ಪಾಲಿಸಿ ಜಾರಿಯಲ್ಲಿದ್ದರೆ ಸಾಕು, ದೂರು ತಡವಾಗಿ ಬಂದರೂ ನಡೆಯುತ್ತದೆ. ಎರಡನೆಯದರಲ್ಲಿ ದೂರು ಬಂದ ದಿನ ಪಾಲಿಸಿ ಜಾರಿಯಲ್ಲಿರಬೇಕು, ಜೊತೆಗೆ ಕೆಲಸ ‘ರೆಟ್ರೊಆಕ್ಟಿವ್ ಡೇಟ್’ ಎಂಬ ದಿನಾಂಕದ ನಂತರ ನಡೆದಿರಬೇಕು. ಸರಿಯಾಗಿ ಒಣಗದ ಗೋಡೆಯ ಹಿಂದೆ ಬೂಷ್ಟು ಒಂದೆರಡು ದಿನಗಳಲ್ಲೇ ಹುಟ್ಟಬಹುದು, ಮನೆಯವರ ಕಣ್ಣಿಗೆ ಬೀಳುವುದು ತಿಂಗಳುಗಳ ನಂತರ. ಅಷ್ಟರೊಳಗೆ ನೀವು ಅಗ್ಗವೆಂದು ಬೇರೆ ಕಂಪನಿಗೆ ಹೋಗಿ, ಹೊಸಬರು ಹಳೆಯ ದಿನಾಂಕವನ್ನು ಮುಂದುವರಿಸದಿದ್ದರೆ, ಹಿಂದಿನ ಕೆಲಸಗಳೆಲ್ಲ ವಿಮೆಯಿಲ್ಲದೆ ನಿಲ್ಲುತ್ತವೆ. ಉದ್ಯೋಗ ಮುಚ್ಚುವಾಗಲೂ ಇದೇ ಅಪಾಯ, ಆಗ ದೂರು ಸಲ್ಲಿಸುವ ಅವಧಿಯನ್ನು ವಿಸ್ತರಿಸುವ ‘ಟೇಲ್’ ಕೊಳ್ಳಬೇಕು.

ಅಪಾರ್ಟ್‌ಮೆಂಟ್ ನಿರ್ವಾಹಕರು ತಮ್ಮನ್ನು ‘ಅಡಿಷನಲ್ ಇನ್ಶೂರ್ಡ್’ ಮಾಡಿ, ಅಂದರೆ ನಿಮ್ಮ ಪಾಲಿಸಿಯ ರಕ್ಷಣೆಯಲ್ಲಿ ತಮ್ಮನ್ನೂ ಸೇರಿಸಿ ಎನ್ನುತ್ತಾರೆ. ಅಕಾರ್ಡ್ 25 ಎಂಬ ಒಂದು ಪುಟದ ಪ್ರಮಾಣಪತ್ರ ಕಳಿಸಿ ಮುಗಿಯಿತೆಂದುಕೊಳ್ಳಬೇಡಿ. ಅದು ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು ಅದರ ಮೇಲೇ ಬರೆದಿದೆ. ನಡೆಯುತ್ತಿರುವ ಕೆಲಸಕ್ಕೆ ಸಿಜಿ 20 10, ಮುಗಿದ ಕೆಲಸಕ್ಕೆ ಸಿಜಿ 20 37 ಎಂಬ ಎಂಡಾರ್ಸ್‌ಮೆಂಟ್‌ಗಳು ಇರಬೇಕು. ಉಪಗುತ್ತಿಗೆದಾರರಿಂದ ನೀವೂ ಇದನ್ನೇ ಕೇಳಿ ಪಡೆಯಿರಿ.

ನಿಮ್ಮ ಸ್ವಂತ ಕೆಲಸಗಾರರು ಗಾಯಗೊಂಡರೆ ಜನರಲ್ ಲಯಬಿಲಿಟಿ ಕೊಡುವುದಿಲ್ಲ. ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರಿಗೆ ವರ್ಕರ್ಸ್ ಕಾಂಪೆನ್ಸೇಷನ್ (ಕೆಲಸಗಾರರ ಗಾಯಕ್ಕೆ ಪರಿಹಾರ ಕೊಡುವ ವಿಮೆ) ಕಡ್ಡಾಯವಲ್ಲ, ಆದ್ದರಿಂದ ಬೇಡವೆನ್ನುವವರು ಸಿಗುತ್ತಾರೆ. ಅದಿಲ್ಲದೆ ಕೆಲಸಗಾರ ಮೊಕದ್ದಮೆ ಹೂಡಿದರೆ, ತಪ್ಪಿನಲ್ಲಿ ಅವನದೂ ಪಾಲಿದೆ ಎಂಬ ವಾದವನ್ನು ನೀವು ಎತ್ತುವಂತಿಲ್ಲ. ಕೊಳಚೆ ನೀರಿನಲ್ಲಿ ನಿಂತು ಒದ್ದೆ ಛಾವಣಿ ಕೀಳುವವರನ್ನು ರಕ್ಷಣೆಯಿಲ್ಲದೆ ಒಳಗೆ ಕಳಿಸುವುದು ಸರಿಯಲ್ಲ ಎಂಬುದೇ ನನಗೆ ಮೊದಲ ಕಾರಣ.

ಮೊದಲ ಗುತ್ತಿಗೆಗೆ ಸಹಿ ಹಾಕುವ ಮುನ್ನ ಪೂರ್ತಿ ಪಾಲಿಸಿಯನ್ನು ಎಲ್ಲ ಎಂಡಾರ್ಸ್‌ಮೆಂಟ್‌ಗಳ ಸಮೇತ ತರಿಸಿಕೊಳ್ಳಿ. ಬೂಷ್ಟು, ಚರಂಡಿ ನೀರು, ಗೋದಾಮಿನಲ್ಲಿನ ಸಾಮಾನು ಈ ಮೂರರ ಬಗ್ಗೆ ಏಜೆಂಟರಿಂದ ಇಮೇಲ್‌ನಲ್ಲಿ ಉತ್ತರ ಪಡೆಯಿರಿ, ಫೋನಿನ ಮಾತು ಸಾಲದು. ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆಯನ್ನು ಅಳಿಸಿ ಎಂಡಾರ್ಸ್‌ಮೆಂಟ್ ಪಟ್ಟಿಯನ್ನು ಇಲ್ಲಿ ಹಾಕಿದರೆ ಯಾವ ಹಾಳೆ ಏನನ್ನು ಕಿತ್ತುಕೊಳ್ಳುತ್ತದೆ ಎಂದು ಓದಿ ಹೇಳುತ್ತೇನೆ.