ಹೋಲ್ಡ್‌ನಲ್ಲಿರುವವರಿಗೆ ಏನು ಕೇಳಿಸಬೇಕು?

ಪ್ರಶ್ನೆ: ಯಂತ್ರಗಳ ದುರಸ್ತಿ ಸೇವೆ ನೀಡುವ ನಮ್ಮ ಸಣ್ಣ ಸಂಸ್ಥೆಗೆ ಕರೆ ಮಾಡುವ ಗ್ರಾಹಕರು ಕೆಲವೊಮ್ಮೆ ನಾಲ್ಕೈದು ನಿಮಿಷ ಕಾಯಬೇಕಾಗುತ್ತದೆ. ಆಗ ಸಂಗೀತ ಕೇಳಿಸುತ್ತೇವೆ. ಅರ್ಧ ನಿಮಿಷಕ್ಕೊಮ್ಮೆ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಧ್ವನಿಮುದ್ರಣವೂ ಬರುತ್ತದೆ. ಆದರೂ ಅನೇಕರು ನಡುವೆಯೇ ಫೋನ್ ಇಟ್ಟುಬಿಡುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಆ ‘ಅಮೂಲ್ಯ’ದ ಮಾತನ್ನು ತೆಗೆದುಹಾಕಿ. ಸಂಗೀತ ನಿಂತು ಮನುಷ್ಯರ ದನಿ ಕೇಳಿಸಿದಾಗಲೆಲ್ಲ, ಕಾಯುತ್ತಿರುವವರು ಸಿಬ್ಬಂದಿಯೇ ಬಂದರೆಂದು ಭಾವಿಸಿ, ಕೈಯಲ್ಲಿದ್ದ ಕೆಲಸ ಬಿಟ್ಟು ಮಾತಿಗೆ ಅಣಿಯಾಗುತ್ತಾರೆ. ಅದು ಅದೇ ಹಳೆಯ ಮುದ್ರಣವೆಂದು ತಿಳಿದಾಗ ಆಗುವ ನಿರಾಸೆ ಐದು ನಿಮಿಷದಲ್ಲಿ ಹತ್ತು ಸಲ ಮರುಕಳಿಸಿದರೆ ಯಾರ ತಾಳ್ಮೆ ಉಳಿದೀತು?

ಕಾಯುವಿಕೆಯ ಮನಶ್ಶಾಸ್ತ್ರದ ಬಗ್ಗೆ 1985ರಲ್ಲಿ ಬರೆದ ಡೇವಿಡ್ ಮೈಸ್ಟರ್, ಕೆಲಸವಿಲ್ಲದ ಹೊತ್ತು, ಎಷ್ಟೆಂದು ತಿಳಿಯದ ಹೊತ್ತು, ಏಕೆಂದು ಹೇಳದ ಹೊತ್ತು ಇವೆಲ್ಲವೂ ಇರುವುದಕ್ಕಿಂತ ದೀರ್ಘವಾಗಿ ತೋರುತ್ತವೆ ಎಂದಿದ್ದರು. ನಿಮ್ಮ ಸಂಗೀತ ಇವುಗಳಲ್ಲಿ ಮೊದಲನೆಯದಕ್ಕಷ್ಟೇ ಮದ್ದು. ‘ನಿಮಗಿಂತ ಮುಂಚೆ ಮೂವರಿದ್ದಾರೆ, ಸುಮಾರು ನಾಲ್ಕು ನಿಮಿಷವಾಗಬಹುದು’ ಎಂಬ ಒಂದು ಸಾಲು ಉಳಿದ ಆತಂಕವನ್ನು ಬಹಳಷ್ಟು ಇಳಿಸುತ್ತದೆ. ಆದರೆ ಅಂದಾಜು ಪ್ರಾಮಾಣಿಕವಾಗಿರಲಿ. ಎರಡು ನಿಮಿಷವೆಂದು ಹೇಳಿ ಆರು ನಿಮಿಷ ಕಾಯಿಸುವುದಕ್ಕಿಂತ ಏನೂ ಹೇಳದಿರುವುದೇ ಲೇಸು. ಅದರ ಜೊತೆಗೆ, ಯಂತ್ರದ ಕ್ರಮಸಂಖ್ಯೆ, ಖರೀದಿಸಿದ ದಿನಾಂಕ, ತೆರೆಯಲ್ಲಿ ಕಾಣುವ ದೋಷಸಂಕೇತ ಇವನ್ನು ಗುರುತು ಹಾಕಿಟ್ಟುಕೊಳ್ಳಲು ಕೇಳಿಕೊಳ್ಳಿ. ಕಾಯುವವರಿಗೆ ಅದು ನಿಜವಾದ ಕೆಲಸ. ಮುಂದಿನ ಮಾತುಕತೆಯೂ ಬೇಗ ಮುಗಿಯುವುದರಿಂದ ಹಿಂದಿರುವವರ ಸರದಿಯೂ ಬೇಗ ಬರುತ್ತದೆ. ಜಾಹೀರಾತಿಗಿಂತ ಇದು ಎಷ್ಟೋ ಮೇಲು.

ಹಾಗೆಂದು ಸಂಗೀತವನ್ನು ನಿಲ್ಲಿಸಿಬಿಡಬೇಡಿ, ಏಕೆಂದರೆ ಪೂರ್ಣ ನಿಶ್ಶಬ್ದವಿದ್ದರೆ ಕರೆ ಕಡಿದುಹೋಯಿತೆಂದೇ ಜನ ತಿಳಿಯುತ್ತಾರೆ. (ಕಾಯುವವರಿಗೆ ಸಂಗೀತ ಕೇಳಿಸುವ ಪದ್ಧತಿ ಹುಟ್ಟಿದ್ದೇ ಆಕಸ್ಮಿಕವಾಗಿ: ಅಮೆರಿಕದ ಆಲ್ಫ್ರೆಡ್ ಲೆವಿ ಎಂಬವರ ಕಾರ್ಖಾನೆಯಲ್ಲಿ ಸಡಿಲವಾದ ತಂತಿಯೊಂದು ಉಕ್ಕಿನ ತೊಲೆಗೆ ತಾಗಿ, ಪಕ್ಕದ ರೇಡಿಯೋ ಕೇಂದ್ರದ ಪ್ರಸಾರ ದೂರವಾಣಿಯಲ್ಲಿ ಕೇಳಿಸತೊಡಗಿತು, ಅದನ್ನೇ ವ್ಯವಸ್ಥೆಯಾಗಿಸಿದ ಅವರಿಗೆ 1966ರಲ್ಲಿ ಪೇಟೆಂಟ್ ದೊರೆಯಿತು.) ಸಾಂಪ್ರದಾಯಿಕ ದೂರವಾಣಿ ಮಾರ್ಗ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಕಂಪಿಸುವ, ಧ್ವನಿಯನ್ನಷ್ಟೇ ಒಯ್ಯುತ್ತದೆ, ಮೊಬೈಲ್‌ನ ಧ್ವನಿ ಸಂಕೋಚನ ತಂತ್ರಗಳಲ್ಲಿ ಹಲವು ಮಾತಿಗೆಂದೇ ರೂಪುಗೊಂಡವು. ಆದ್ದರಿಂದ ಹತ್ತಾರು ವಾದ್ಯಗಳ ಅಬ್ಬರದ ಮೇಳ ಕಿವಿಗೆ ಬೀಳುವಷ್ಟರಲ್ಲಿ ಗೊರಗೊರ ಸದ್ದಾಗಿರುತ್ತದೆ. ಒಂದೆರಡು ವಾದ್ಯಗಳ ಸರಳ ನುಡಿಸಾಣಿಕೆಯನ್ನು ತಗ್ಗಿದ ದನಿಯಲ್ಲಿ ಹಾಕಿ, ಅದರ ಬಳಕೆಯ ಹಕ್ಕನ್ನೂ ಪಡೆದುಕೊಳ್ಳಿ.

ಮೂರು ನಿಮಿಷ ಮೀರುವಂತಿದ್ದರೆ, ಸರದಿ ತಪ್ಪದಂತೆ ನೀವೇ ಮರಳಿ ಕರೆ ಮಾಡುವ ಆಯ್ಕೆಯನ್ನು ಕೊಡಿ. ಕರೆಗಳು ಸಮನಾದ ಅಂತರದಲ್ಲಿ ಬರುವುದಿಲ್ಲವೆಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಲ್ಲೇ ಲೆಕ್ಕಕ್ಕೆ ತಂದಿದ್ದರು; ಸರಾಸರಿಗೆ ಸಾಕಾಗುವಷ್ಟೇ ಸಿಬ್ಬಂದಿಯಿದ್ದರೆ ಸಾಲು ಬೆಳೆದೇ ಬೆಳೆಯುತ್ತದೆ. ನಿಮ್ಮಲ್ಲಿ ಕರೆಗಳು ಮುಗಿಬೀಳುವ ಗಂಟೆ ಯಾವುದೆಂದು ದಾಖಲೆಯಲ್ಲಿ ನೋಡಿ, ಆ ಒಂದು ಗಂಟೆಗಾದರೂ ಇನ್ನೊಬ್ಬರನ್ನು ಫೋನಿನ ಬಳಿ ಕೂರಿಸಿ.